ಕಾಲಿಗೆ ತಾಗುವ ಬಿಸಿ

ಸೊಸೆ ಸಂಜೆ ಕೆಲಸದಿಂದ ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಬಚ್ಚಲಿಗೆ ಹೋಗಿ ಬಲಗಾಲಿಗೆ ತಣ್ಣೀರು ಸುರಿದುಕೊಳ್ಳುವುದು ಆ ಬೇಸಿಗೆಯಲ್ಲಿ ದಿನಚರಿಯೇ ಆಗಿಬಿಟ್ಟಿತ್ತು. ನೀರಿನ ಸದ್ದು ಕೇಳಿದ ಮೇಲೆಯೇ ಅತ್ತೆ ಒಲೆಯ ಮೇಲೆ ಟೀಗೆ ಇಡುತ್ತಿದ್ದರು.

“ಇವತ್ತೂನಾ?”

“ಸಿಗ್ನಲ್ ಸಿಗ್ನಲ್ಲಿಗೂ ನಿಂತ್ವಿ ಅತ್ತೆ. ಕಾದ ಬಾಣಲೆ ಪಕ್ಕ ಕಾಲಿಟ್ಟ ಹಾಗಾಯ್ತು.”

ಹಿಂದೆಯೇ ಹೆಲ್ಮೆಟ್ ಕಳಚುತ್ತ ಬಂದ ಮಗ, “ನನಗೇನು ತಂಪಾಗಿರುತ್ತಾ? ಸ್ಪೋರ್ಟ್ಸ್ ಬೈಕ್ ಅಂದ್ರೆ ಅಷ್ಟೇ. ದಪ್ಪ ಪ್ಯಾಂಟ್ ಹಾಕ್ಕೊ ಅಂದ್ರೆ ಕೇಳಲ್ಲ ಇವಳು” ಎಂದ.

“ನಿಮ್ಮ ಥರ ಯುದ್ಧಕ್ಕೆ ಹೊರಟೋರ ಹಾಗೆ ಆಫೀಸಿಗೆ ಹೋಗ್ಲಾ?” ಬಚ್ಚಲಿನಿಂದಲೇ ಉತ್ತರ ಬಂತು.

ಬೈಕು ಕೆಂಪು ಬಣ್ಣದ್ದು. ಇಂಜಿನ್ನಿನ ಸುತ್ತ ನುಣುಪಾದ ಹೊದಿಕೆ. ಮುಂದಿನ ಚಕ್ರದ ಹಿಂದೆ ಇಂಜಿನ್ ತಣಿಸುವ ಹಸಿರು ಬಣ್ಣದ ನೀರು ತುಂಬಿದ ರೇಡಿಯೇಟರ್, ಅದರ ಬೆನ್ನಿಗೆ ಅಂಗೈಗಿಂತ ಸ್ವಲ್ಪ ದೊಡ್ಡ ಫ್ಯಾನು. ಬೈಕು ಓಡುವಾಗ ಎದುರಿನ ಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಇಂಜಿನ್ ಕಾದರೆ ಫ್ಯಾನು ತಾನಾಗಿ ತಿರುಗಿ ಮುಂದಿನ ಗಾಳಿಯನ್ನು ಹಿಂದಕ್ಕೆ ಎಳೆಯುತ್ತದೆ. ಹಾಗೆ ಎಳೆದ ಗಾಳಿ ಕಾದು, ಹೊದಿಕೆಯ ಸೀಳಿನಿಂದ ಹೊರನುಗ್ಗುವುದು ಕೂತವರ ಕಾಲಿಗೆ. ಮಗನ ಬೂಟು, ದಪ್ಪ ಪ್ಯಾಂಟು ಅದನ್ನು ತಡೆಯುತ್ತಿದ್ದವು. ಸೊಸೆಯ ತೆಳು ಬಟ್ಟೆ ತಡೆಯುತ್ತಿರಲಿಲ್ಲ.

ಅಪ್ಪನ ಕಸುಬು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು. ಮನೆಯ ಮುಂಗೋಣೆಯೇ ಅಂಗಡಿ. ಟೇಬಲ್ ಫ್ಯಾನು, ಮಿಕ್ಸಿ, ನೀರಿನ ಪಂಪು ಏನೇ ಸುಟ್ಟುಹೋದರೂ ಬೀದಿಯವರು ಅಲ್ಲಿಗೇ ತರುತ್ತಿದ್ದರು. ಫ್ಯಾನಪ್ಪ ಎಂದು ಕರೆದರೆ ಅವರು ತಿರುಗಿ ನೋಡುತ್ತಿದ್ದರು; ಸ್ವಂತ ಹೆಸರು ಹಿಡಿದು ಕರೆದರೆ ಸ್ವಲ್ಪ ಯೋಚಿಸುತ್ತಿದ್ದರು. ರಿಪೇರಿಯಾದ ಫ್ಯಾನಿನ ಮುಂದೆ ಪೆನ್ಸಿಲಿಗೆ ಕಟ್ಟಿದ ನೂಲಿನ ಎಳೆ ಹಿಡಿದು ಗಾಳಿ ಯಾವ ಕಡೆ ಹೋಗುತ್ತಿದೆ ಎಂದು ನೋಡದೆ ಯಾವುದನ್ನೂ ವಾಪಸು ಕೊಟ್ಟವರಲ್ಲ. ಮಗಳು ಚಿಕ್ಕವಳಿದ್ದಾಗ ಆ ಪೆನ್ಸಿಲ್ ಹಿಡಿಯುವುದು ಅವಳ ಕೆಲಸವಾಗಿತ್ತು.

ಒಂದು ಭಾನುವಾರ ಮಗ ಅಂಗಡಿಯ ಮುಂದೆ ಬೈಕು ನಿಲ್ಲಿಸಿದ. “ಅಪ್ಪ, ಈ ಫ್ಯಾನ್ ಇಂಜಿನ್ ಪೂರ್ತಿ ಕಾದ ಮೇಲೆ ತಿರುಗೋಕೆ ಶುರುಮಾಡುತ್ತೆ. ಅಷ್ಟರಲ್ಲಿ ಲೇಟಾಗಿರುತ್ತೆ. ಹ್ಯಾಂಡಲ್ ಹತ್ರ ಒಂದು ಸ್ವಿಚ್ ಹಾಕ್ಕೊಡಿ, ನನಗೆ ಬೇಕಾದಾಗ ಹಾಕ್ಕೋತೀನಿ.”

“ಕಂಪನಿಯವರು ದಡ್ಡರಾ?”

“ಅವರು ನಮ್ಮ ಟ್ರಾಫಿಕ್ ನೋಡಿಲ್ಲ.”

ಮಗ ಸ್ವಿಚ್ಚು ತರಲು ಹೋದಾಗ ಅಪ್ಪ ಹೊದಿಕೆ ಬಿಚ್ಚಿ ಕೂತರು. ಸೊಸೆ ಟೀ ತಂದು ಸ್ಟೂಲಿನ ಮೇಲೆ ಕೂತಳು. ಅವಳ ಮೀನಖಂಡದ ಮೇಲೆ ಅಂಗೈಯಗಲ ಕೆಂಪಾಗಿ, ಮಧ್ಯದಲ್ಲಿ ಸಿಪ್ಪೆ ಏಳುತ್ತಿತ್ತು.

“ಇಷ್ಟಾಗಿದ್ದು ತೋರಿಸ್ಲೇ ಇಲ್ವಲ್ಲಮ್ಮ.”

“ತೋರಿಸಿ ಏನ್ಮಾಡ್ಲಿ ಮಾವ? ಗಾಡಿ ಬಗ್ಗೆ ಒಂದು ಮಾತಂದ್ರೆ ಇವರ ಮುಖ ಊದಿಕೊಳ್ಳುತ್ತೆ.”

ಅಪ್ಪ ಟೀ ಕುಡಿದು ಲೋಟ ಕೆಳಗಿಟ್ಟರು. ಫ್ಯಾನಿನ ತಂತಿಗಳು ಸೇರುವ ಕಡೆ ಬೆರಳಿಟ್ಟು ತೋರಿಸಿದರು. “ಎರಡೇ ತಂತಿ. ಇದನ್ನ ಅಲ್ಲಿಗೆ, ಅದನ್ನ ಇಲ್ಲಿಗೆ ಹಾಕಿದ್ರೆ ಫ್ಯಾನು ಉಲ್ಟಾ ತಿರುಗುತ್ತೆ. ಬಿಸಿಗಾಳಿ ನಿನ್ನ ಕಾಲಿಗೆ ಬರೋದು ಬಿಟ್ಟು ಮುಂದೆ ಚಕ್ರದ ಕಡೆ ಹೋಗುತ್ತೆ.”

“ಗಾಡಿಗೇನೂ ಆಗಲ್ವಾ?”

“ಗಾಳಿ ಗಾಳಿನೇ ಕಣಮ್ಮ. ಆ ಕಡೆಯಿಂದ ಬೀಸಿದ್ರೇನು, ಈ ಕಡೆಯಿಂದ ಬೀಸಿದ್ರೇನು, ತಣ್ಣಗಾಗಬೇಕು ತಾನೇ?”

ಅದಲು ಬದಲು ಮಾಡಿ ನೂಲು ಹಿಡಿದರು. ಎಳೆ ಮುಂದಿನ ಚಕ್ರದ ಕಡೆ ಬಾಗಿತು. “ಅವನಿಗೆ ಹೇಳೋದು ಬೇಡ. ಕಂಪನಿ ಕೂರಿಸಿದ್ದನ್ನ ಮುಟ್ಟಿದೆ ಅಂತ ಕುಣೀತಾನೆ.”

“ನಾನ್ಯಾಕೆ ಹೇಳ್ಲಿ?” ಎಂದು ಸೊಸೆ ನಕ್ಕಳು. ಆ ಮನೆಗೆ ಬಂದ ಮೇಲೆ ತನಗಾಗಿಯೇ ಒಬ್ಬರು ಒಂದು ಕೆಲಸ ಮಾಡಿಕೊಟ್ಟದ್ದು ಅದೇ ಮೊದಲು.

ಮರುದಿನದಿಂದ ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಅತ್ತೆಗೆ ಟೀ ಇಡುವ ಹೊತ್ತು ತಪ್ಪತೊಡಗಿತು. “ನೋಡಿದ್ಯಾ, ಸ್ವಿಚ್ ಹಾಕ್ಸಿದ್ದಕ್ಕೆ,” ಎಂದು ಮಗ ಬೀಗಿದ. ಸೊಸೆ ಹೂಂ ಎಂದಳು. ಇಂಜಿನ್ ಬಿಸಿ ತೋರಿಸುವ ಅಂಕಿ ಮೊದಲಿಗಿಂತ ಒಂದಿಷ್ಟು ಮೇಲೇ ಇರುತ್ತಿತ್ತು. ಬೇಸಿಗೆಯಲ್ಲವೇ ಎಂದು ಅವನು ಸುಮ್ಮನಾದ.

ಮನೆಯ ಮಗಳನ್ನು ಎಲ್ಲರೂ ಚುಕ್ಕಿ ಎನ್ನುತ್ತಿದ್ದರು. ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದಳು. ಬಿಡುವಿದ್ದಾಗ ಬೀದಿಯ ಹುಡುಗಿಯರಿಗೆ ಹಿಂದಿನ ಮೈದಾನದಲ್ಲಿ ಸ್ಕೂಟರ್ ಕಲಿಸುತ್ತಿದ್ದಳು. ಅವಳಿಂದ ಕಲಿತವರು ಯಾರೂ ಬಿದ್ದಿರಲಿಲ್ಲ, ಅಮ್ಮನೊಬ್ಬರನ್ನು ಬಿಟ್ಟು. ಗುಡ್ಡದ ಮೇಲಿನ ಡ್ರೈವಿಂಗ್ ಶಾಲೆಯವರು ಹೆಂಗಸರಿಗೆ ಬೈಕು ಕಲಿಸಲು ಒಬ್ಬ ಹೆಣ್ಣುಮಗಳನ್ನು ಹುಡುಕುತ್ತಿದ್ದರು. ದೊಡ್ಡ ಗಾಡಿ ತಂದು ಓಡಿಸಿ ತೋರಿಸು ಎಂದು ಚುಕ್ಕಿಗೆ ಹೇಳಿದ್ದರು. ಬಿಲ್ಲಿನ ಯಂತ್ರ ಬಿಟ್ಟು ಬರುವ ದಾರಿ ಅದೊಂದೇ ಎಂದು ಅವಳು ಹಟ ಹಿಡಿದು ಅಣ್ಣನಿಂದ ಕೀಲಿ ಪಡೆದಳು.

“ಗುಡ್ಡ ಹತ್ತುವಾಗ ಲಾರಿ ಹಿಂದೆ ನಿಧಾನ ಹೋಗಬೇಕಾಗುತ್ತೆ. ಬುಡದಲ್ಲೇ ಫ್ಯಾನ್ ಸ್ವಿಚ್ ಹಾಕ್ಕೋ. ಮರೀಬೇಡ.”

“ಹಾಕ್ಕೋತೀನಿ ಕಣೋ. ಮಗಳನ್ನ ಗಂಡನ ಮನೆಗೆ ಕಳಿಸೋರ ಹಾಗೆ ಆಡ್ತಿದ್ದೀಯ.”

ಮಧ್ಯಾಹ್ನ ಬೈಕು ಸಾಮಾನು ಸಾಗಿಸುವ ಗಾಡಿಯ ಮೇಲೆ ಹಗ್ಗ ಬಿಗಿಸಿಕೊಂಡು ವಾಪಸು ಬಂತು. ಚುಕ್ಕಿ ಅದರ ಪಕ್ಕ ಹೆಲ್ಮೆಟ್ ತಬ್ಬಿಕೊಂಡು ಕೂತಿದ್ದಳು.

ಅಣ್ಣ ಏನಾಯಿತೆಂದು ಕೇಳಲಿಲ್ಲ. “ಸ್ವಿಚ್ ಹಾಕಿದ್ಯಾ?” ಎಂದ.

“ಹಾಕಿದ್ದೆ.”

“ಯಾವಾಗ?”

“ನೀನು ಹೇಳಿದ ಹಾಗೇ, ಬುಡದಲ್ಲಿ. ಮೀಟರಲ್ಲಿ ಇಂಜಿನ್ ಕಾದಿದೆ ಅನ್ನೋ ಕೆಂಪು ದೀಪ ಹತ್ತಿದ ಕೂಡ್ಲೇ ರಸ್ತೆ ಬದಿ ಗೋಡೆ ಪಕ್ಕ ನಿಲ್ಲಿಸಿದೆ. ಅಷ್ಟರಲ್ಲಿ ಹೊಗೆ ಬರ್ತಿತ್ತು. ಅಲ್ಲಿಂದ ಮೇಲಕ್ಕೆ ನಡ್ಕೊಂಡೇ ಹೋದೆ. ಅವರ ಗಾಡಿಲೇ ಓಡಿಸಿ ತೋರಿಸ್ದೆ.”

“ದೀಪ ಹತ್ತಿ ಎಷ್ಟೊತ್ತಾಗಿತ್ತೋ. ನಿನ್ನ ಕಣ್ಣು ಎಲ್ಲಿತ್ತು?”

“ರಸ್ತೆ ಮೇಲಿತ್ತು. ನಿನ್ನ ಗಾಡಿ ಮೇಲೂ ಇತ್ತು.”

ಗ್ಯಾರೇಜಿನವನು ಇಂಜಿನ್ ಬಿಚ್ಚಿ, ಗ್ಯಾಸ್ಕೆಟ್ ಸುಟ್ಟುಹೋಗಿದೆ, ಇಂಜಿನ್ನಿನ ಮುಚ್ಚಳದಂಥ ಹೆಡ್ಡು ಬಿಸಿಗೆ ಸೊಟ್ಟಗಾಗಿದೆ ಎಂದ. ಫ್ಯಾನಿಗೆ ಕರೆಂಟು ಕೊಟ್ಟು ನೋಡಿದ; ತಿರುಗಿತು. ಅದು ಗಾಳಿಯನ್ನು ಯಾವ ಕಡೆ ತಳ್ಳುತ್ತಿದೆ ಎಂದು ಯಾರು ನೋಡುತ್ತಾರೆ? “ಫ್ಯಾನು ಸರಿ ಇದೆ, ಪಂಪು ಸರಿ ಇದೆ. ದೀಪ ಹತ್ತಿದ ಮೇಲೂ ಓಡಿಸಿರಬೇಕು,” ಎಂದ. ಮಗ ಆ ಮಾತನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಇಟ್ಟ. ಚುಕ್ಕಿ ತಟ್ಟೆಯಲ್ಲಿ ಕೈ ತೊಳೆದು ಎದ್ದಳು. ಅಪ್ಪ ನೀರಿನ ಲೋಟವನ್ನು ತಿರುಗಿಸುತ್ತ ಕೂತಿದ್ದರು.

ಮರುದಿನ ಬೆಳಿಗ್ಗೆ ಅಪ್ಪ ಅಂಗಡಿಯ ಬೆಂಚಿನ ಮೇಲೆ ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟರು. ಒಂದನ್ನು ಹಾಕಿ ಮಧ್ಯದಲ್ಲಿ ನೂಲು ಹಿಡಿದರು. ಎಳೆ ಬಲಕ್ಕೆ ಹಾರಿತು. ಇನ್ನೊಂದನ್ನು ಮಾತ್ರ ಹಾಕಿದರು, ಎಡಕ್ಕೆ ಹಾರಿತು. ಎರಡನ್ನೂ ಒಟ್ಟಿಗೆ ಹಾಕಿ, ಒಂದರ ವೇಗವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದರು. ಒಂದು ಹಂತದಲ್ಲಿ, ಎರಡೂ ಫ್ಯಾನುಗಳು ಭರ್ರೆಂದು ತಿರುಗುತ್ತಿದ್ದರೂ ನೂಲು ಒಂದಿಷ್ಟು ತೊನೆದಾಡಿ ನೆಟ್ಟಗೆ ಇಳಿಬಿದ್ದಿತು.

ನಿಂತ ಬೈಕಿಗೆ ಅವರು ಮಾಡಿದ್ದು ಹೇಗೋ ನಡೆಯುತ್ತಿತ್ತು. ಜೋರಾಗಿ ಓಡುವ ಬೈಕಿನಲ್ಲಿ ಎದುರುಗಾಳಿಯೇ ಗೆಲ್ಲುತ್ತಿತ್ತು. ಲಾರಿಯ ಹಿಂದೆ ನಿಧಾನವಾಗಿ ಗುಡ್ಡ ಹತ್ತುವ ಬೈಕಿನಲ್ಲಿ ಮುಂದಿನಿಂದ ಬರುವ ಗಾಳಿಯೂ ಫ್ಯಾನು ತಳ್ಳುವ ಗಾಳಿಯೂ ರೇಡಿಯೇಟರಿನಲ್ಲಿ ಎದುರಾಗಿ ನಿಂತುಬಿಟ್ಟಿದ್ದವು. ಜೀವಮಾನವಿಡೀ ಅವರು ಮುಟ್ಟಿದ ಫ್ಯಾನುಗಳೆಲ್ಲ ಕೋಣೆಯ ನಿಂತ ಗಾಳಿಯಲ್ಲಿ ತಿರುಗುವಂಥವು. ಚುಕ್ಕಿ ಸ್ವಿಚ್ಚು ಹಾಕದೆ ಹೋಗಿದ್ದರೆ ಇಂಜಿನ್ ಅಷ್ಟು ಬೇಗ ಕುದಿಯುತ್ತಿರಲಿಲ್ಲ. ಅವಳು ಹೇಳಿದಂತೆ ಕೇಳಿದ್ದಳು, ಅದಕ್ಕೇ ಸುಟ್ಟುಹೋಗಿತ್ತು.

ಅಪ್ಪ ತಲೆ ಎತ್ತಿದಾಗ ಬಾಗಿಲಲ್ಲಿ ಸೊಸೆ ಟೀ ಲೋಟ ಹಿಡಿದು ನಿಂತಿದ್ದಳು. ಇಳಿಬಿದ್ದ ನೂಲನ್ನು ಅವಳೂ ನೋಡಿದಳು. ಲೋಟ ಬೆಂಚಿನ ಮೇಲಿಟ್ಟು ಒಳಗೆ ಹೋದಳು.

ಅವತ್ತು ರಾತ್ರಿಯೂಟಕ್ಕೆ ಆಲೂಗಡ್ಡೆ ಹುರಿದಿದ್ದರು. ಗರಿಗರಿಯಾದ ತುಂಡುಗಳನ್ನೆಲ್ಲ ಸೊಸೆ ಆರಿಸಿ ಚುಕ್ಕಿಯ ತಟ್ಟೆಗೆ ಹಾಕಿದಳು. ಅಪ್ಪ ತಮ್ಮ ಮೊಟ್ಟೆಯನ್ನೂ ಅವಳ ಕಡೆ ಸರಿಸಿದರು. ಮರುದಿನ ಅವಳ ಬಟ್ಟೆ ಇಸ್ತ್ರಿಯಾಗಿ ಮಂಚದ ಮೇಲಿತ್ತು. ಅವಳ ಸ್ಕೂಟರಿನ ಬ್ರೇಕು ಯಾರೂ ಕೇಳದೆಯೇ ಬಿಗಿಯಾಯಿತು. ಕಸ ಹಾಕಲು ಅವಳ ಸರದಿ ಬಂದ ದಿನ ಡಬ್ಬಿ ಮೊದಲೇ ಖಾಲಿಯಾಗಿರುತ್ತಿತ್ತು.

“ಏನು, ನಾನೇನು ಆಸ್ಪತ್ರೆಯಿಂದ ಬಂದಿದ್ದೀನಾ?” ಎಂದಳು ಚುಕ್ಕಿ ಒಂದು ದಿನ. “ಅಣ್ಣ ಒಬ್ಬ ಬೈತಾನೆ, ಮಿಕ್ಕವರೆಲ್ಲ ಬಡಿಸ್ತೀರಿ.”

“ತಪ್ಪಾಯ್ತು ಅಂತ ಅವನಿಗೆ ಒಂದು ಮಾತು ಹೇಳಿಬಿಡೇ. ಮುಗೀತು,” ಎಂದರು ಅಮ್ಮ.

“ತಪ್ಪು ಮಾಡಿದ್ರೆ ಹೇಳ್ತೀನಿ ಅಮ್ಮ.”

“ನೀನು ಹೇಳಲ್ಲ, ಅವನು ಬಿಡಲ್ಲ. ಇಬ್ಬರ ಮಧ್ಯೆ ನಾನು ಅನ್ನ ಬೇಯಿಸ್ಕೊಂಡು ಸಾಯ್ತೀನಿ.”

ಅಪ್ಪ ಅಡುಗೆಮನೆಗೆ ನೀರು ಕುಡಿಯಲು ಬಂದಾಗ ಸೊಸೆ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿಯನ್ನು ನಿಲ್ಲಿಸದೆಯೇ, “ಹೇಳಿಬಿಡೋಣ ಮಾವ,” ಎಂದಳು.

“ಹೇಳ್ತೀನಿ. ಗಾಡಿ ರಿಪೇರಿಯಾಗಿ ಬರ್ಲಿ.”

“ನನ್ನ ಕಾಲಿಗೋಸ್ಕರ ಅಂತ ಗೊತ್ತಾದ್ರೆ ಇವರು ನನ್ನ ಜೊತೆ ಮಾತೇ ಬಿಡ್ತಾರೆ.”

“ನಿನ್ನ ಹೆಸರು ಬರದ ಹಾಗೆ ಹೇಳ್ತೀನಮ್ಮ.”

“ಹೇಗೆ ಹೇಳ್ತೀರಿ?”

ಅವರು ಕುಡಿಯದ ಲೋಟವನ್ನು ಕಟ್ಟೆಯ ಮೇಲಿಟ್ಟು ಹೊರಗೆ ಹೋದರು. ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಡ್ರೈವಿಂಗ್ ಶಾಲೆಯವರಿಗೆ ಚುಕ್ಕಿ ಹಿಡಿಸಿದ್ದಳು. ಗಾಡಿ ಕೆಟ್ಟರೂ ಬಿಸಿಲಲ್ಲಿ ಗುಡ್ಡ ಹತ್ತಿ ಬಂದವಳು ಎಂದು ಅಲ್ಲಿಯ ಮೇಡಮ್ಮು ಬೆಳಗಿನ ತರಗತಿಯನ್ನೇ ಕೊಡುವುದಾಗಿ ಹೇಳಿದ್ದರು. ಸೋಮವಾರ ತಿಳಿಸುತ್ತೇನೆ ಎಂದು ಚುಕ್ಕಿ ಹೇಳಿ ಬಂದಿದ್ದಳು.

ಆ ಸೋಮವಾರಕ್ಕೆ ಮುಂಚಿನ ಶನಿವಾರವೇ ಬೈಕು ಗ್ಯಾರೇಜಿನಿಂದ ಬಂತು. ಭಾನುವಾರ ಬೆಳಿಗ್ಗೆ ಮಗ ಸ್ನಾನಕ್ಕೆ ಹೋದಾಗ ಅಪ್ಪ ಹೊದಿಕೆ ಬಿಚ್ಚಿದರು. ಮೊದಲು ಗಾಡಿಗೆ ಅಪಾಯವಾಗದಂತೆ ನೋಡಿಕೊಂಡು, ಆಮೇಲೆ ಮಾತಾಡೋಣ ಎಂದುಕೊಂಡರು. ತಂತಿಗಳನ್ನು ಮೊದಲಿನಂತೆ ಹಾಕಿ ನೂಲು ಹಿಡಿದರು. ಎಳೆ ಹಿಂದಕ್ಕೆ, ಸವಾರನ ಕಡೆಗೆ ಬಾಗಿತು. ಬಚ್ಚಲಿನ ಬಾಗಿಲು ತೆರೆದ ಸದ್ದಾಯಿತು. ಕೊನೆಯ ಸ್ಕ್ರೂ ಬಿಗಿಸಿ ಕೈ ಒರೆಸಿಕೊಂಡು ನಿಂತರು.

“ಏನಪ್ಪ?” ಎಂದ ಮಗ, ತಲೆ ಒರೆಸಿಕೊಳ್ಳುತ್ತ.

“ಧೂಳಿತ್ತು.”

ಮಗ ತಿಂಡಿಯನ್ನೂ ತಿನ್ನದೆ ಬೈಕು ಹತ್ತಿ ಗುಡ್ಡಕ್ಕೆ ಹೋದ. ವಾಪಸು ಬಂದಾಗ ಎಲ್ಲರೂ ಬ್ರೆಡ್ಡು ತಿನ್ನುತ್ತಿದ್ದರು. “ಲಾರಿ ಹಿಂದೆ ಬುಡದಿಂದ ತುದಿವರೆಗೂ ಹೋದೆ. ಸ್ವಿಚ್ ಹಾಕ್ಕೊಂಡೇ. ಅಂಕಿ ಕದಲಿಲ್ಲ. ಗಾಡಿಲಿ ಏನೂ ತೊಂದರೆ ಇರಲಿಲ್ಲ.” ಕೊನೆಯ ಮಾತನ್ನು ಅವನು ಯಾರ ಕಡೆಯೂ ನೋಡದೆ ಹೇಳಿದ.

ಚುಕ್ಕಿ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟಳು. “ಅದೇ ರಸ್ತೆನಾ?”

“ಅದೇ ರಸ್ತೆ.”

“ಬಿಸಿಲಿತ್ತಾ?”

“ಇಷ್ಟೊತ್ತಿಗೇ ಸುಡ್ತಿತ್ತು.”

ಅವಳು ಸ್ವಲ್ಪ ಹೊತ್ತು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಸ್ವಿಚ್ಚು ಒತ್ತಿದ್ದು ಆ ಬೆರಳೇ. “ಹಾಗಾದ್ರೆ ಹಾಕಿದ್ದೆ ಅಂದ್ಕೊಂಡೆ, ಹಾಕಿರಲಿಲ್ಲವೇನೋ,” ಎಂದಳು. “ದೀಪಾನೂ ನೋಡಿರಲಿಲ್ಲವೇನೋ. ನನಗೆ ಗೊತ್ತಾಗ್ತಿಲ್ಲ. ತಪ್ಪಾಯ್ತು ಕಣೋ ಅಣ್ಣ.”

ಅಮ್ಮ ಉಸಿರು ಬಿಟ್ಟು, “ಸದ್ಯ,” ಎಂದು ಎಲ್ಲರಿಗೂ ಟೀ ಬಗ್ಗಿಸಿದರು. ಮಗ, “ಇರ್ಲಿ ಬಿಡು, ಯಾರಿಗಾದ್ರೂ ಆಗುತ್ತೆ,” ಎಂದು ತಂಗಿಯ ತಲೆ ತಟ್ಟಿದ. ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ಎಲ್ಲರೂ ಒಟ್ಟಿಗೆ ಟೀ ಕುಡಿದರು. ಅಪ್ಪನ ಟೀ ಮೇಲೆ ಕೆನೆ ಕಟ್ಟಿತು.

ಸೋಮವಾರ ಮಧ್ಯಾಹ್ನ ಚುಕ್ಕಿ ಬಟ್ಟೆ ಅಂಗಡಿಯಿಂದಲೇ ಡ್ರೈವಿಂಗ್ ಶಾಲೆಗೆ ಫೋನು ಮಾಡಿ ಬರುವುದಿಲ್ಲ ಎಂದುಬಿಟ್ಟಳು. ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳಿದಳು. “ಕಣ್ಣೆದುರಿಗಿರೋ ದೀಪ ನೋಡದವಳು ಇನ್ನೊಬ್ಬರಿಗೇನು ಕಲಿಸ್ಲಿ? ಅವರ ಮಗಳಿಗೆ ಏನಾದ್ರೂ ಆದ್ರೆ?” ಅಂಗಡಿಯಲ್ಲಿ ಮಿಕ್ಸಿಯ ಮೋಟಾರು ಸುತ್ತುತ್ತಿದ್ದ ಅಪ್ಪನಿಗೆ ಅದು ಕೇಳಿಸಿತು. ಸುತ್ತುಗಳ ಲೆಕ್ಕ ತಪ್ಪಿತು. ಮೊದಲಿನಿಂದ ಬಿಚ್ಚಿದರು.

ಆಗ ಬೈಕು ಬಂದು ನಿಂತ ಸದ್ದಾಯಿತು. ಸೊಸೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ಬಚ್ಚಲಿನಲ್ಲಿ ನೀರು ಸುರಿಯಿತು, ಚೊಂಬಿನ ಮೇಲೆ ಚೊಂಬು. ನಾದಿನಿಯ ವಿಷಯ ಅತ್ತೆಯಿಂದ ಕೇಳಿ, ಒದ್ದೆ ಕಾಲಿನಲ್ಲೇ ಅವಳು ಅಂಗಡಿಗೆ ಬಂದು ನಿಂತಳು. ನೆಲದ ಮೇಲೆ ಅವಳ ಒಂದೇ ಪಾದದ ಗುರುತು ಸಾಲಾಗಿ ಮೂಡಿತ್ತು.

“ಮಾವ, ಇವತ್ತು ಕಾಲು ಸುಡ್ತು.”

ಅಪ್ಪ ತಂತಿ ಕೆಳಗಿಟ್ಟರು.

“ತಂತಿ ಸರಿ ಮಾಡಿದ್ದೀರಿ. ಹೇಳಿಲ್ಲ,” ಎಂದಳು. “ನಾನು ಹೇಳ್ಲಾ, ನೀವು ಹೇಳ್ತೀರಾ?”

ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ಅಪ್ಪ ಬಾಗಿಲಲ್ಲಿ ನಿಂತು, “ಎಲ್ಲರೂ ಒಂದು ಸಲ ಅಂಗಡಿಗೆ ಬನ್ನಿ,” ಎಂದರು.

“ಅನ್ನ ಆರುತ್ತೆ,” ಎಂದರು ಅಮ್ಮ.

“ಆರ್ಲಿ.”

ಬೆಂಚಿನ ಮೇಲೆ ಎರಡು ಫ್ಯಾನುಗಳು ಎದುರುಬದುರಾಗಿದ್ದವು. ಅಪ್ಪ ಪೆನ್ಸಿಲನ್ನು ಮಗಳ ಕೈಗೆ ಕೊಟ್ಟರು. “ಚುಕ್ಕಿ, ನೂಲು ಹಿಡಿ.”

ಅವಳು ಏನೆಂದು ಕೇಳದೆ ಹಿಡಿದಳು. ಅಪ್ಪ ಎರಡನ್ನೂ ಹಾಕಿ ಸರಿಯಾದ ಹಂತಕ್ಕೆ ತಂದರು. ಎರಡು ಕಡೆಯಿಂದಲೂ ಗಾಳಿ ಬೀಸುತ್ತಿರುವಾಗ ನೂಲು ನೆಟ್ಟಗೆ ಇಳಿಬಿದ್ದಿತು. “ಇದು ಎದುರುಗಾಳಿ. ಇದು ಫ್ಯಾನು, ನಾನು ಉಲ್ಟಾ ಮಾಡಿದ್ದು. ಮಧ್ಯದಲ್ಲಿರೋದು ನಿಮ್ಮ ರೇಡಿಯೇಟರ್. ಸ್ವಿಚ್ ಕೂರಿಸಿದ ದಿನವೇ ತಂತಿ ಅದಲು ಬದಲು ಮಾಡಿದೆ. ನಿನ್ನೆ ಬೆಳಿಗ್ಗೆ ಕದ್ದು ಸರಿ ಮಾಡಿದೆ. ಅದಕ್ಕೇ ಇವನಿಗೆ ಗುಡ್ಡದ ಮೇಲೆ ಏನೂ ಆಗಲಿಲ್ಲ.”

“ನನ್ನ ಕಾಲು ಸುಡುತ್ತೆ ಅಂತ ಮಾಡಿದ್ರು,” ಎಂದಳು ಸೊಸೆ. “ನನಗೆ ಮೊದಲಿಂದಲೂ ಗೊತ್ತಿತ್ತು.”

ಮಗನ ಮುಖ ಬೈಕಿನ ಬಣ್ಣಕ್ಕೆ ತಿರುಗಿತು. “ಯಾರನ್ನ ಕೇಳಿ ಮುಟ್ಟಿದ್ರಿ? ಇಂಜಿನ್ ಹೋಯ್ತಲ್ಲಪ್ಪ. ಒಂದು ಮಾತು…”

“ನೀನು ತಂಗಿಗೆ ಅಂದದ್ದನ್ನ ವಾಪಸ್ ತಗೊಂಡು ಆಮೇಲೆ ಅಪ್ಪನ್ನ ಬೈಯಿ,” ಎಂದರು ಅಮ್ಮ.

ಚುಕ್ಕಿ ಇನ್ನೂ ನೂಲನ್ನೇ ನೋಡುತ್ತಿದ್ದಳು. “ಅಂದ್ರೆ ನಾನು ಸ್ವಿಚ್ ಹಾಕಿದ್ದೆ.”

“ಹಾಕಿದ್ದೆ. ಹಾಕಿದ್ದಕ್ಕೇ ಕುದ್ದಿದ್ದು.”

“ಈ ಎರಡು ಫ್ಯಾನ್ ಇಟ್ಟು ನೀವು ನೋಡಿದ್ದು ಯಾವಾಗ?”

ಅಪ್ಪ ಫ್ಯಾನುಗಳನ್ನು ಆರಿಸಿದರು. “ಗಾಡಿ ಕೆಟ್ಟ ಮಾರನೇ ದಿನ.”

“ಆಮೇಲೆ ಇಷ್ಟು ದಿನ ಮೊಟ್ಟೆ ಕೊಟ್ರಿ.” ಅವಳು ಅತ್ತಿಗೆಯ ಕಡೆ ತಿರುಗಿದಳು. “ನೀವು ಆಲೂಗಡ್ಡೆ.”

ಪೆನ್ಸಿಲನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಅವಳು ತಾನೇ ಬಡಿಸಿಕೊಳ್ಳುತ್ತಿರುವ ಸದ್ದು ಕೇಳಿಸಿತು.

ಮೂರನೆಯ ದಿನ ಅಣ್ಣ ಗ್ಯಾರೇಜಿಗೆ ಹೋಗಿ ಬಂದು ಅವಳ ಮುಂದೆ ಕೂತ. “ಅವನನ್ನ ಕೇಳ್ದೆ. ನೀರು ಮೊದಲೇ ಕುದ್ದು ಆವಿಯಾಗಿ ಹೋದ್ರೆ ಬಿಸಿ ಅಳೆಯೋ ಸೆನ್ಸರು ಒಣಗಿ ದೀಪ ತಡವಾಗಿ ಹತ್ತುತ್ತಂತೆ. ನೀನು ಹತ್ತಿದ ತಕ್ಷಣವೇ ನಿಲ್ಲಿಸಿದ್ದೆ.”

“ತಕ್ಷಣ ನಿಲ್ಲಿಸಿದ್ದು ನನಗೆ ಗೊತ್ತಿತ್ತು,” ಎಂದಳು ಚುಕ್ಕಿ. “ಮರೆತು ಹೋಗಿತ್ತು.”

ಅವನು ಬೈಕಿನ ಕೀಲಿಯನ್ನು ಅವಳ ತಟ್ಟೆಯ ಪಕ್ಕ ಇಟ್ಟು ಎದ್ದುಹೋದ.

ಡ್ರೈವಿಂಗ್ ಶಾಲೆಯ ಬೆಳಗಿನ ತರಗತಿ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಉಳಿದಿದ್ದು ಮಧ್ಯಾಹ್ನದ್ದು, ಟಾರು ಮೆತ್ತಗಾಗುವ ಹೊತ್ತಿನದು. ಚುಕ್ಕಿ ಅದನ್ನೇ ಒಪ್ಪಿಕೊಂಡಳು. ಸಂಜೆ ಮುಖ ಕೆಂಪಾಗಿ ಬರುತ್ತಿದ್ದಳು. ಅತ್ತಿಗೆ ನೀರು ಕೊಟ್ಟರೆ ಕುಡಿಯುತ್ತಿದ್ದಳು. ಎರಡನೆಯ ವಾರದಲ್ಲಿ “ಸಾಕು ಅತ್ತಿಗೆ” ಎಂದು ಮಾತೂ ಆಡಿದಳು. ಅಪ್ಪನ ಮಾತಿಗೆ ಹೂಂ, ಉಹೂಂ ಬಿಟ್ಟರೆ ಮೂರನೆಯ ಉತ್ತರವಿರಲಿಲ್ಲ. ಅವರು ಸರಿಸಿದ ಮೊಟ್ಟೆಯನ್ನು ವಾಪಸು ಸರಿಸುತ್ತಿದ್ದಳು. ಅಪ್ಪ ಮೊಟ್ಟೆ ಸರಿಸುವುದನ್ನು ನಿಲ್ಲಿಸಿದರು. ಬಿಸಿಗಾಳಿಯನ್ನು ಕಾಲಿಗೆ ತಾಗದಂತೆ ನೆಲದ ಕಡೆ ತಿರುಗಿಸಲು ಸೀಳಿನ ಕೆಳಗೆ ಕೂರಿಸುವ ತಗಡೊಂದನ್ನು ಮಗನ ಎದುರಿಗೇ ಅಳೆದು, ಅವನು ಹೂಂ ಎಂದ ಮೇಲೆಯೇ ಕತ್ತರಿಸತೊಡಗಿದರು. ಅಲ್ಲಿಯವರೆಗೆ ಸೊಸೆ ಬಸ್ಸಿನಲ್ಲಿ ಹೋಗಿ ಬಂದಳು.

ಒಂದು ರಜೆಯ ದಿನ ಚುಕ್ಕಿ ಹೆಲ್ಮೆಟ್ ಹಾಕಿಕೊಂಡು ಅಂಗಡಿಯ ಮುಂದೆ ಬೈಕು ನಿಲ್ಲಿಸಿದಳು. ಇನ್ನೊಂದು ಹೆಲ್ಮೆಟನ್ನು ಅಪ್ಪನ ಕಡೆ ಚಾಚಿದಳು.

“ಹತ್ತಿ.”

“ತಗಡು ಇನ್ನೂ ಕೂರಿಸಿಲ್ಲ ಕಣೇ,” ಎಂದ ಅಣ್ಣ ಒಳಗಿನಿಂದ. “ಕಾಲು ಸುಡುತ್ತೆ.”

“ಗೊತ್ತು.”

ಅಪ್ಪ ಕೈ ಒರೆಸಿಕೊಂಡು ಹಿಂದೆ ಕೂತರು. ಊರು ದಾಟಿ ಗುಡ್ಡದ ಬುಡಕ್ಕೆ ಬಂದಾಗ ಮುಂದೊಂದು ಇಟ್ಟಿಗೆ ಲಾರಿ ಏದುಸಿರು ಬಿಡುತ್ತ ಹತ್ತುತ್ತಿತ್ತು. ಚುಕ್ಕಿ ಅದನ್ನು ಹಿಂದೆ ಹಾಕಲಿಲ್ಲ. ಹೆಬ್ಬೆರಳನ್ನು ಅಪ್ಪನಿಗೆ ಕಾಣುವಂತೆ ಎತ್ತಿ, ಸ್ವಿಚ್ಚು ಒತ್ತಿದಳು. ಕೆಳಗೆ ಫ್ಯಾನು ಗುಂಯ್ಗುಟ್ಟಿತು. ಸೀಳಿನಿಂದ ಬಿಸಿಗಾಳಿ ಹೊರಟು ಅವರ ತೆಳು ಪ್ಯಾಂಟನ್ನು ಮೀನಖಂಡಕ್ಕೆ ಅಂಟಿಸಿತು. ಮೊದಲ ತಿರುವಿನಲ್ಲಿ ಬೆಚ್ಚಗೆನಿಸಿತು. ಎರಡನೆಯದರಲ್ಲಿ ಇಸ್ತ್ರಿಪೆಟ್ಟಿಗೆಯ ಹತ್ತಿರ ಕಾಲಿಟ್ಟ ಹಾಗಿತ್ತು. ಅವರು ಕಾಲು ಸರಿಸಲಿಲ್ಲ.

ದಾರಿಯ ಬದಿಯ ಒಂದು ಗೋಡೆಯ ಬಳಿ ಅವಳು ವೇಗ ಇನ್ನಷ್ಟು ತಗ್ಗಿಸಿದಳು. ಗೋಡೆಯ ಬುಡದಲ್ಲಿ ನೆಲದ ಮೇಲೆ ಕುದ್ದು ಚೆಲ್ಲಿದ ನೀರಿನ ಹಸಿರು ಕಲೆ ಇನ್ನೂ ಇತ್ತು. ಅಪ್ಪ ಅದನ್ನು ನೋಡಿದರು, ಕತ್ತು ತಿರುಗಿಸಿ ಅದು ಹಿಂದೆ ಬೀಳುವವರೆಗೂ ನೋಡಿದರು.

“ಬಿಸಿ ತಾಗ್ತಿದೆಯಾ ಅಪ್ಪ?” ಎಂದು ಅವಳು ಗಾಳಿಗೆ ಮುಖ ಕೊಟ್ಟೇ ಕೇಳಿದಳು.

ಇಲ್ಲ ಎನ್ನುವುದು ಅವರ ನಾಲಿಗೆಯ ತುದಿಯಲ್ಲೇ ಇತ್ತು.

“ತಾಗ್ತಿದೆ,” ಎಂದರು.

“ಅಂಕಿ ಕದಲಿಲ್ಲ,” ಎಂದಳು ಚುಕ್ಕಿ. ಲಾರಿಯ ಹಿಂದೆಯೇ, ನಿಧಾನವಾಗಿ, ಮೇಲಿನವರೆಗೂ ಕರೆದುಕೊಂಡು ಹೋದಳು.